ನೈವೇದ್ಯಕ್ಕೆ ಮುಂಚಿನ ನೀಲಿ ಐಸು

ಹೆಂಡತಿಯನ್ನು ಹೊಗಳುವ ಧೈರ್ಯ ನನಗೆ ಎಂದೂ ಸಾಲದು. ಅಪ್ಪಿತಪ್ಪಿ ಹೊಗಳಿದರೆ ಸುಮತಿ, "ಎಂತ ಬೇಕಾತು ಈಗ?" ಎಂದು ಕೇಳುತ್ತಾಳೆ. ಅವಳ ಮಡಿಯಂತೂ ಹಳದೀಪುರಕ್ಕೆಲ್ಲ ಗೊತ್ತು. ನೈವೇದ್ಯಕ್ಕೆ ಮುಂಚೆ ಪಾಯಸದ ಪರಿಮಳವನ್ನು ಸ್ವಲ್ಪ ಜೋರಾಗಿ ಎಳೆದುಕೊಂಡರೂ ನನ್ನ ಮೂಗನ್ನು ಕಳ್ಳನನ್ನು ನೋಡಿದ ಹಾಗೆ ನೋಡುತ್ತಾಳೆ. ಇಂಥವಳನ್ನು ಇವತ್ತು ಬಾಯ್ತುಂಬ ಹೊಗಳಲು ಹೊರಟಿದ್ದೇನೆ. ಕಾರಣ, ಒಂದು ಲೋಟ ನೀಲಿ ಐಸು.

ಕಳೆದ ಬೇಸಿಗೆಯಲ್ಲಿ ಕುಮಟಾದಲ್ಲಿ ಅವಳ ತಮ್ಮನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ನಮ್ಮ ಜೊತೆ ಮೊಮ್ಮಗಳು ಮಾನ್ವಿಯೂ ಬಂದಿದ್ದಳು. ಇನ್ನೂ ಅಂಗನವಾಡಿಗೆ ಹೋಗುವ ಮಗು. ಬಸ್ಸಿನ ಗಡಿಬಿಡಿಯಲ್ಲಿ ದೋಸೆಯನ್ನು ಮುಟ್ಟದೇ ಹೊರಟಿದ್ದಳು. ಭಟ್ಟರು ಬಂದದ್ದೇ ತಡವಾಗಿ. "ಅಜ್ಜ, ಹಸಿವು" ಎಂದಳು. ಪೂಜೆಯಾಗದೆ ತಿನ್ನುವ ಹಾಗಿಲ್ಲ, ಸರಿ. ಆದರೆ ಕುಡಿಯುವುದಕ್ಕೆ ಯಾವ ಶಾಸ್ತ್ರ ಅಡ್ಡ ಬರುತ್ತದೆ? ಈ ಧರ್ಮಸೂಕ್ಷ್ಮವನ್ನು ನಾನೇ ಕಂಡುಹಿಡಿದು, ಒಳಗೊಳಗೇ ಬೀಗುತ್ತ ಅವಳನ್ನು ಮೂಲೆಯ ಅಂಗಡಿಗೆ ಕರೆದೊಯ್ದೆ. ಅಲ್ಲಿ ಗಾಜಿನ ಯಂತ್ರದೊಳಗೆ ನೀಲಿ ಐಸಿನ ಪುಡಿ ಗಿರ್ರನೆ ತಿರುಗುತ್ತಿತ್ತು. ಸ್ಲಶ್ ಅಂತೆ. ದೊಡ್ಡ ಲೋಟವನ್ನೇ ಕೊಡಿಸಿ, ಮಂಗಳಾರತಿಗೆ ಮುಂಚೆ ಮುಗಿಸು ಎಂದು ಅವಸರ ಮಾಡಿದೆ. ತಳದಲ್ಲಿ ಉಳಿದದ್ದು ದಂಡವಾಗಬಾರದೆಂದು ನಾನೇ ಹೀರಿದೆ.

ಭಟ್ಟರು ಓದುತ್ತಿದ್ದ ವ್ರತದ ಕಥೆ ಇನ್ನೂ ನಡೆಯುತ್ತಿರುವಾಗಲೇ ಮಾನ್ವಿ ಅಜ್ಜಿಯ ತೊಡೆಗೆ ವಾಲಿದಳು. ಮುಖ ಬಿಳಿಚಿಕೊಂಡಿತ್ತು, ಹಣೆಯಲ್ಲಿ ಬೆವರು. ಕರೆದರೆ 'ಹೂಂ' ಎಂದಳೇ ಹೊರತು ಸರಿಯಾಗಿ ಕಣ್ಣು ಬಿಡಲಿಲ್ಲ. "ನಿದ್ದೆ ಬಂದಿರಬೇಕು" ಎಂದೆ.

"ಎಂತ ನಿದ್ದೆ? ಮೈಯೆಲ್ಲ ತಣ್ಣಗಾಗಿದೆ, ಕಾಣೂದಿಲ್ವಾ?" ಎಂದವಳೇ ಸುಮತಿ ನೈವೇದ್ಯಕ್ಕೆಂದು ದೇವರ ಮುಂದಿಟ್ಟಿದ್ದ ಸಪಾದದ ಸಿಹಿ ಸಜ್ಜಿಗೆಯ ಪಾತ್ರೆಗೆ ಕೈ ಹಾಕಿದಳು. ಮಗುವನ್ನು ಎತ್ತಿ ಕೂರಿಸಿ, ಚೂರು ಚೂರೇ ತಿನ್ನಿಸತೊಡಗಿದಳು.

"ಅಕ್ಕ, ನೈವೇದ್ಯ ಇನ್ನೂ ಆಗ್ಲಿಲ್ಲ!" ಎಂದ ತಮ್ಮ.

"ಈಗ ಆತು. ನೀನು ರಿಕ್ಷಾ ಕರಿ."

ಭಟ್ಟರು ದೀಪವನ್ನು ಆಚೆ ಸರಿಸಿ ಅವಳಿಗೆ ದಾರಿ ಬಿಟ್ಟರು.

ಡಾಕ್ಟರು ರಕ್ತ ನೋಡಿದರು, ಸಕ್ಕರೆ ಇಳಿದಿತ್ತು. "ಏನು ಕುಡಿದಿದ್ದಾಳೆ?" ಎಂದು ಕೇಳಿದರು. "ಬರೀ ನೀರು" ಎಂದೆ. ಸುಮತಿ ನನ್ನ ಕಡೆ ತಿರುಗಿ, "ನಾಲಿಗೆ ತೋರ್ಸಿ" ಎಂದಳು. ತೋರಿಸಿದೆ. ಅಚ್ಚ ನೀಲಿ.

ಐಸು ಗಟ್ಟಿಯಾಗದಿರಲೆಂದು ಇಂಥದ್ದಕ್ಕೆ ಗ್ಲಿಸರಿನ್ ಹಾಕುವುದುಂಟು, ಸಣ್ಣ ಮಕ್ಕಳು ಖಾಲಿ ಹೊಟ್ಟೆಯಲ್ಲಿ ಗಟಗಟ ಕುಡಿದರೆ ಹೀಗಾಗಬಹುದು ಎಂದು ಡಾಕ್ಟರು ವಿವರಿಸಿದರು. ಅಷ್ಟು ಸಿಹಿ ಕುಡಿದರೂ ಸಕ್ಕರೆ ಇಳಿಯುತ್ತದೆಂದರೆ ಯಾರು ನಂಬುತ್ತಾರೆ! ಸಂಜೆ ಮಗು ಎದ್ದು ಕೂತು ಪಾಯಸ ಕೇಳಿದಾಗ ನಾನು ನಾಚಿಕೆ ಬಿಟ್ಟು ಅತ್ತೆ. ಜೀವಮಾನವಿಡೀ ಕಾಪಾಡಿಕೊಂಡು ಬಂದ ಮಡಿಯನ್ನು ಮಗುವಿಗಾಗಿ ಒಂದು ಕ್ಷಣದಲ್ಲಿ ಬದಿಗಿಟ್ಟ ಸುಮತಿಗಿಂತ ದೊಡ್ಡವರು ಆಗ ನನಗೆ ಯಾರೂ ಕಾಣಲಿಲ್ಲ.

ಈಗ ನಮ್ಮಲ್ಲಿ ಯಾವ ಪೂಜೆಯಿದ್ದರೂ ಮಕ್ಕಳ ಊಟ ಮೊದಲು. ಅದು ಅವಳದೇ ಶಾಸ್ತ್ರ. ಮೊನ್ನೆ ಧೈರ್ಯ ಮಾಡಿ ಹೇಳಿಯೇಬಿಟ್ಟೆ: "ಅವತ್ತು ನೀನಿದ್ದದ್ದಕ್ಕೆ ಮಗು ಉಳಿಯಿತು ನೋಡು."

ಎಂತ ಬೇಕಾತು ಎಂದು ಅವಳು ಕೇಳಲಿಲ್ಲ. ಹತ್ತಿರ ಬಂದು ನನ್ನ ಮುಖವನ್ನೇ ನೋಡಿದಳು. ನನ್ನ ಕಣ್ಣು ತುಂಬಿಬಂತು.

"ನಾಲಿಗೆ ತೋರ್ಸಿ" ಎಂದಳು.