ಕಂಪೌಂಡರ ಗೆದ್ದ ದಿನ

ಹಬೀಬ: ಮುಟ್ಟಬ್ಯಾಡೋ ಗೌಸೋದ್ದೀನ! ಈ ಟಿ.ವಿ. ಅರ್ಧಾ ನಂದು. ನನ್ನ ಕೇಳದೇ ಹ್ಯಾಂಗ ಒಯ್ತಿ?

ಸುಭದ್ರಾಬಾಯಿ: ಯಾವ ಅರ್ಧಾರಿ ಹಬೀಬಭಾಯಿ? ಮುಂದಿಂದೋ, ಹಿಂದಿಂದೋ? ಹಿಂದಿನ ಅರ್ಧಾದಾಗ ಇಲಿ ಮರಿ ಹಾಕ್ಯಾವ. ಬೇಕಂದ್ರ ಒಯ್ರಿ.

ಹಬೀಬ: ಆವಾಜ ನಿಮ್ಮದು, ಚಿತ್ರ ನಂದು ಭಾಬಿ. ಆಂಟೆನಾ ಹಿಡಿದಾಂವ ಯಾರು? ನಾ!

ಭಾಲ್ಕಿ ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ ಕಾಶೀರಾಮನ ಸೈಕಲ್ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಆ ಮನೆಯ ಹಳೆಯ ಕಪ್ಪು ಬಿಳುಪು ಟಿ.ವಿ.ಯನ್ನು ಗುಜರಿ ಗಾಡಿಯ ಗೌಸೋದ್ದೀನ ಎದೆಗವಚಿಕೊಂಡು ಹೊಸ್ತಿಲ ತನಕ ತಂದಿದ್ದ. ಎದುರು ಮನೆಯ ದರ್ಜಿ ಹಬೀಬ ಅಳತೆ ಟೇಪು ಕೊರಳಲ್ಲಿದ್ದಂತೆಯೇ ಓಡಿಬಂದು ಅಡ್ಡ ನಿಂತಿದ್ದ. ಈ ವರ್ಷವೂ ಮಳೆ ಕೈಕೊಟ್ಟಿದ್ದರಿಂದ ಟಿ.ವಿ. ಕೂತಿದ್ದ ಮೂಲೆ ಸುಭದ್ರಾಬಾಯಿಗೆ ನೀರಿನ ಡ್ರಮ್ಮಿಗೆ ಬೇಕಾಗಿತ್ತು. ವರ್ಷಗಟ್ಟಲೆ ಉಸಿರೆತ್ತದ ಟಿ.ವಿ.ಗಿಂತ ತುಂಬಿದ ಡ್ರಮ್ಮು ಮೇಲು ಎಂಬುದನ್ನು ಬುದ್ಧಿವಂತರು ಯಾರೂ ಅಲ್ಲಗಳೆಯಲಾರರು. ಆದರೆ ಅಲ್ಲಿ ಬುದ್ಧಿವಂತರಿರಲಿಲ್ಲ, ಇಬ್ಬರು ಗೆಳೆಯರಿದ್ದರು.

ಎರಡನೆಯ ಗೆಳೆಯ ಅಂಗಡಿಯಿಂದ ಕೈಯಲ್ಲಿ ಸೈಕಲ್ ಟ್ಯೂಬು ಹಿಡಿದೇ ಬಂದ.

ಕಾಶೀರಾಮ: ತಳಗ ಇಡೋ ಗೌಸಾ. ಅದು ಗುಜರಿ ಅಲ್ಲ. ನಾಗಪುರದ ಕಂಪೌಂಡರ ಗೆದ್ದದ್ದು ಅದರಾಗೇ.

ಗೌಸೋದ್ದೀನ: ಯಾವ ಕಂಪೌಂಡರ್ರಿ? ದವಾಖಾನಿದಾಂವಾ?

ಹಬೀಬ: ‘ಸಾತ್ ಸವಾಲ್’ ಗೊತ್ತಿಲ್ಲೇನು ನಿನಗ? ಯಾವ ಊರಾಂವೋ ನೀ?

ಗೌಸೋದ್ದೀನ: ಸಂತಪುರದಾಂವ್ರಿ. ಔರಾದ ತಾಲೂಕು.

ಹಬೀಬ: ಹಾಂ, ಅದಕ್ಕೇ. ಆಗ ನಿಮ್ಮೂರಾಗ ಕರೆಂಟ ಇರಲಿಲ್ಲ.

ಗೌಸೋದ್ದೀನ: ಕರೆಂಟ ಇತ್ರಿ. ನಾವೇ ಇರಲಿಲ್ಲ. ಊರಿಗಿ ಊರೇ ಪುಣಾಕ ದುಡೀಲಾಕ ಹೋಗಿತ್ತು.

ಭಾಲ್ಕಿಯದೂ ಅದೇ ಕಥೆ. ಆಗಿನ ಬರಗಾಲದಲ್ಲಿ ಗಲ್ಲಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಉಳಿದವರೆಲ್ಲ ಗುರುವಾರ ಸಂಜೆ ಕಾಶೀರಾಮನ ಮನೆಯಲ್ಲಿ ಸೇರುತ್ತಿದ್ದರು. ‘ಸಾತ್ ಸವಾಲ್’ ಎಂಬ ಹಿಂದಿ ಆಟದಲ್ಲಿ ಏಳು ಪ್ರಶ್ನೆ. ಏಳಕ್ಕೂ ಸರಿ ಉತ್ತರ ಕೊಟ್ಟವನು ರಾಜ, ಒಂದು ತಪ್ಪಿದರೂ ಬರಿಗೈ. ತಮ್ಮ ಕೊಡದಲ್ಲಿ ನೀರಿಲ್ಲದ ಜನ ಯಾರೋ ಗುರುತಿಲ್ಲದವನ ಗೆಲುವಿಗಾಗಿ ಉಗುರು ಕಚ್ಚಿಕೊಂಡು ಕೂಡುತ್ತಿದ್ದರು. ಮನುಷ್ಯನ ಹುಚ್ಚಿಗೆ ಬರಗಾಲವಿಲ್ಲ.

ಕಾಶೀರಾಮ: ಗೌಸಾ, ನಾ ಸೈತ ಪುಣಾಕ ಹೊಂಟಾಂವ ಇದ್ದೆ. ಕೂಲಿ ಮಂದಿಗಿ ಕರಕೊಂಡ ಹೋಗೋ ಮುಕಾದಮನಿಗಿ ಮಾತ ಕೊಟ್ಟಿದ್ದೆ, ಗಂಟ ಕಟ್ಟಿದ್ದೆ. ಮರುದಿನ ನಸಕಿನಾಗ ರೈಲು. ಹಿಂದಿನ ದಿನ ಸಂಜಿಗಿ ಕಂಪೌಂಡರ ಗೆದ್ದ. ಗೋಳಿ ಪುಡಿ ಕಟ್ಟಿ ಕೊಡೋ ಮನಷ್ಯಾ ಏಳೂ ಪ್ರಶ್ನಿ ಹೊಡೀತಾನಂದ್ರ, ನಾ ನಮ್ಮ ಗಲ್ಲಿಯಾಗೇ ಒಂದು ಪಂಕ್ಚರ ಅಂಗಡಿ ಹಾಕ್ಲಾರೆನಾ ಅನ್ನಿಸ್ತು. ಗಂಟ ಬಿಚ್ಚಿದೆ. ಇವತ್ತ ಈ ಅಂಗಡಿ ಅದ ಅಂದ್ರ, ಅದು ಆ ಕಂಪೌಂಡರನ ಪುಣ್ಯ.

ಸುಭದ್ರಾಬಾಯಿ: ಅಂಗಡಿಗಿ ನನ್ನ ಕೈಯಾಗಿನ ಬಂಗಾರದ ಪಾಟಲಿ ಮಾರಿದ್ದು ಯಾರ ಪುಣ್ಯರಿ?

ಕಾಶೀರಾಮ: ಅದೂ ಅವನದೇ. ಅವ ಗೆದ್ದಾನಂತ ನೀ ಕೊಟ್ಟಿ.

ಸುಭದ್ರಾಬಾಯಿ ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡಳು. ಆಕೆ ಸುಮ್ಮನಾಗುವುದು ಆ ಮನೆಯಲ್ಲಿ ಅಪರೂಪ. ಗಂಡನಾದವನು ಆಗಲೇ ಎಚ್ಚರಗೊಳ್ಳಬೇಕಿತ್ತು.

ಹಬೀಬ: ಕಂಪೌಂಡರನ ಪುಣ್ಯ, ನನ್ನ ತೋಳು. ಗೌಸೋದ್ದೀನ, ಕೇಳು. ಬಿರುಗಾಳಿಗಿ ಆಂಟೆನಾದ ಕೋಲ ಮುರೀತು. ಯಾರ ಹಿಡಿದ್ರೂ ಚಿತ್ರ ಬರವೊಲ್ದು. ಬಾಜೂ ಮನಿ ದತ್ತಾತ್ರಿ ಹಿಡಿದ, ಬರೇ ಚುಕ್ಕಿ. ಕಾಶಿ ಹಿಡಿದ, ಅದೂ ಹೋಯ್ತು. ನಾ ಮುಟ್ಟಿದೆ ನೋಡು, ಕನ್ನಡಿ ಆದಂಗ ಆಯ್ತು!

ಕಾಶೀರಾಮ: ಇವನ ಮೈಯಾಗ ಕಬ್ಬಿಣ ಭಾಳ ಅದ. ತಲಿಯಾಗಂತೂ ತುಂಬೇದ.

ಹಬೀಬ: ಮಾಳಿಗಿ ಮ್ಯಾಲ, ಔರಾದ ಕಡಿ ಮಾರಿ ಮಾಡಿ, ಒಂದ ಕೈ ಮ್ಯಾಲೆತ್ತಿ ನಿಂದರ್ತಿದ್ದೆ. ಗುರುವಾರಕ್ಕ ಗುರುವಾರ. ಕೆಮ್ಮಿದ್ರ ತಳಗಿಂದ ಬೈತಿದ್ರು.

ಕಾಶೀರಾಮ: ನಮಗೇನ ಕಮ್ಮಿ ತ್ರಾಸಿತ್ತಾ? ನನ್ನ ಒಂದ ಕಾಲ ಸ್ಟೂಲ ಮ್ಯಾಲ ಇದ್ದಾಗ ಒಬ್ಬಾಕಿ ಟೀಚರ ಐದನೇ ಪ್ರಶ್ನಿ ಗೆದ್ದಳು. ಆವತ್ತಿಂದ ಪ್ರತಿ ಗುರುವಾರ ಆಟ ಮುಗಿಯೋತನಾ ಆ ಕಾಲ ತಳಗಿಡ್ಲಾಕ ಜನ ಬಿಡಲಿಲ್ಲ. ಗಲ್ಲಿ ಕಡೀ ಮನಿ ಜಿಜಾಬಾಯಿ ಒಳಗ ಬಂದ್ರ ಎಲ್ಲರೂ ಸೋಲ್ತಾರಂತ ಆಕಿಗಿ ಹೊರಗ ಕೂಡಸ್ತಿದ್ರು.

ಸುಭದ್ರಾಬಾಯಿ: ಪಾಪ, ಆಕಿ ತಂದ ಶೇಂಗಾ ಮಾತ್ರ ಒಳಗ ಬರ್ತಿದ್ವು.

ಹಬೀಬ: ಆ ಕಂಪೌಂಡರ ಏನ ಮನಷ್ಯಾ! ನೀಲಿ ಶರ್ಟು, ದಪ್ಪ ಚಷ್ಮಾ. ಆರನೇ ಪ್ರಶ್ನಿಗಿ ಬೆವತು ಹಣಿ ಒರ್ಸಿಕೊಂಡ.

ಗೌಸೋದ್ದೀನ: ಶರ್ಟು ನೀಲಿ ಇತ್ತಾರಿ?

ಹಬೀಬ: ನೀಲಿ. ಆಕಾಶ ನೀಲಿ.

ಗೌಸೋದ್ದೀನ: ಟಿ.ವಿ. ಕಪ್ಪು ಬಿಳಿ. ನೀವು ಮಾಳಿಗಿ ಮ್ಯಾಲ. ನೀಲಿ ಎಲ್ಲಿಂದ ಬಂತ್ರಿ?

ಹಬೀಬ ಕೊರಳ ಟೇಪನ್ನು ಎಳೆದು ಸರಿಮಾಡಿಕೊಂಡ.

ಹಬೀಬ: ದರ್ಜಿ ಇದ್ದೇನಿ. ಆವಾಜ ಕೇಳಿದ್ರ ಅರಿವಿ ಬಣ್ಣ ಹೇಳ್ತೇನಿ.

ಕಾಶೀರಾಮ: ಇಂವ ಒಂದ ಆಟ ಸೈತ ನೋಡಿಲ್ಲ, ಗೌಸಾ. ನಾವು ತಳಗ ಒದರಿದ್ರ ಗೆದ್ದ ಅಂತ ತಿಳಕೋತಿದ್ದ, ಗಪ್ ಕೂತ್ರ ಸೋತ ಅಂತ.

ಹಬೀಬ: ತಪ್ಪೇನದ ಅದರಾಗ? ಕಂಪೌಂಡರನ ಏಳನೇ ಪ್ರಶ್ನಿ ನೆನಪದ ನನಗ. ತಳಗ ಯಾರದೂ ಉಸರಿಲ್ಲ. ನಾ ಅಲ್ಲಾಗ ನೆನೀಲತ್ತಿದ್ದೆ. ಒಮ್ಮಿಂದೊಮ್ಮೆಲೆ “ಹೋ!” ಅಂತ ಇಡೀ ಗಲ್ಲಿ ಎದ್ದಿತು. ಹೆಣ್ಮಕ್ಕಳು ಚೀರಿದ್ರು, ಗಂಡಸರು ಓಡಿದ್ರು, ಕೊಡಾ ಬಾರ್ಸಿದ್ರು ಧಡಾ ಧಡಾ! ಒಬ್ಬ ಮನಷ್ಯಾ ಗೆದ್ರ ಕೊಡಾ ಬಾರ್ಸೋ ಗಲ್ಲಿ ಮತ್ತೊಂದ ತೋರ್ಸು ನನಗ.

ಕಾಶೀರಾಮ: ಕೊಡಾ?

ಹಬೀಬ: ಕೊಡಾ. ಬಕೀಟ ಸೈತ.

ಕಾಶೀರಾಮ: ಹಬೀಬ... ಆವತ್ತ ಗಲ್ಲಿಗಿ ನೀರಿನ ಟ್ಯಾಂಕರ ಬಂದಿತ್ತೋ.

ಹಬೀಬ: ಬಂದಿರಬೇಕು. ಕಂಪೌಂಡರ ಗೆದ್ದ ಸುದ್ದಿ ಕೇಳಿ ಬಂದಿರಬೇಕು.

ಕಾಶೀರಾಮ: ಟ್ಯಾಂಕರ ಬಂತಂತೇ ಒದರಿದ್ವಿ ನಾವು! ದಾರಿ ನೋಡಿ ನೋಡಿ ಕಣ್ಣ ಬಿದ್ದಿದ್ವು. ಡ್ರೈವರನ ಹಾರ್ನ ಕೇಳಿ ಎಲ್ಲಾರೂ ಕೊಡಾ ತಗೊಂಡ ಓಡಿದ್ವಿ!

ಹಬೀಬ: ಆಟ ಬಿಟ್ಟು?

ಕಾಶೀರಾಮ: ಟ್ಯಾಂಕರ ಬಂದ ಮ್ಯಾಲ ಕಂಪೌಂಡರನ ಮಾರಿ ಯಾರ ನೋಡ್ತಾರೋ?

ಹಬೀಬ: ಮತ್ತ ಅವ ಗೆದ್ದಾನಂತ ನಿನಗ ಯಾರ ಹೇಳಿದ್ರು?

ಕಾಶೀರಾಮ: ನೀ! ಕೊಡಾ ತುಂಬಿಕೊಂಡ ಬಂದು ನೋಡಿದ್ರ ಕರೆಂಟ ಹೋಗಿತ್ತು. ನೀ ಮಾಳಿಗಿ ಮ್ಯಾಲ “ಗೆದ್ದ! ಗೆದ್ದ!” ಅಂತ ಕುಣೀಲತ್ತಿದ್ದಿ.

ಹಬೀಬ: ನೀವು ಒದರಿದ್ದಕ್ಕ ಕುಣದೆ!

ಕಾಶೀರಾಮ: ನೀ ಕುಣದದ್ದಕ್ಕ ನಾವು ನಂಬಿದ್ವಿ!

ಹಬೀಬ: ಮಾಳಿಗಿ ಮ್ಯಾಲ ನಿಂತಾಂವಗ ಏನ ಗೊತ್ತಿರ್ತದೋ, ಖಬರಗೇಡಿ?

ಕಾಶೀರಾಮ: ಆಂಟೆನಾ ನಿನ್ನ ಕೈಯಾಗ ಇತ್ತಲ್ಲ! ಸುದ್ದಿ ಮೊದಲ ಅಲ್ಲಿಗೇ ಬರ್ತದಲ್ಲ!

ಗೌಸೋದ್ದೀನ ಟಿ.ವಿ.ಯನ್ನು ಮೆಲ್ಲಗೆ ನೆಲಕ್ಕಿಳಿಸಿ ಅದರ ಮೇಲೆಯೇ ಕೂತ. ಇಂಥ ವ್ಯಾಪಾರ ಬೇಗ ಮುಗಿಯುವುದಿಲ್ಲವೆಂದು ಅವನಿಗೆ ಖಾತ್ರಿಯಾಗಿತ್ತು. ಕಾಶೀರಾಮ ಮಾತ್ರ ನಿಂತಲ್ಲೇ ಬಾಡಿಹೋದ. ಯಾವ ಗೆಲುವನ್ನು ನಂಬಿ ಅವನು ರೈಲು ಬಿಟ್ಟಿದ್ದನೋ ಆ ಗೆಲುವನ್ನು ಗಲ್ಲಿಯಲ್ಲಿ ಒಬ್ಬನೂ ನೋಡಿರಲಿಲ್ಲ. ಅವನಿಗೆ ನಾಚಿಕೆಯೂ ಆಯಿತು, ಹೆದರಿಕೆಯೂ ಆಯಿತು.

ಕಾಶೀರಾಮ: ಅಂದ್ರ... ಅವ ಖರೇ ಗೆದ್ದಾನೋ ಇಲ್ಲೋ, ಯಾರಿಗೂ ಗೊತ್ತಿಲ್ಲಾ?

ಸುಭದ್ರಾಬಾಯಿ: ನನಗ ಗೊತ್ತದ.

ಇಬ್ಬರೂ ತಿರುಗಿದರು.

ಸುಭದ್ರಾಬಾಯಿ: ನನ್ನ ಕೊಡಾ ಮುಂಜಾನಿಂದ ಪಾಳಿಯಾಗ ಮುಂದ ಇದ್ದವು. ಜಿಜಾಬಾಯಿ ತುಂಬ್ತೇನಿ ಅಂದಳು. ಹ್ಯಾಂಗೂ ಆಕಿ ಹೊರಗೇ ಕೂತಿದ್ದಳು. ನಾ ಒಬ್ಬಾಕಿನೇ ಟಿ.ವಿ. ಮುಂದ ಕೂತು ಕಡೀತನಾ ನೋಡಿನಿ.

ಹಬೀಬ: ಹೇಳ್ರಿ ಭಾಬಿ! ಗೆದ್ದ ಹೌದಲ್ರಿ?

ಸುಭದ್ರಾಬಾಯಿ: ಸೋತ.

 

ಹಬೀಬ: ಯಾವ ಪ್ರಶ್ನಿಗಿ?

ಸುಭದ್ರಾಬಾಯಿ: ಬಿದ್ರಿ ಹೂಜಿ, ಬಿದ್ರಿ ತಾಟು ಮಾಡ್ತಾರಲ್ಲ, ಅವಕ್ಕ ಕಪ್ಪ ಬಣ್ಣ ಬರಸ್ಲಾಕ ಯಾವ ಊರ ಹಳೇ ಕ್ವಾಟಿಯೊಳಗಿನ ಮಣ್ಣ ಬಳಸ್ತಾರ ಅಂತ ಕೇಳಿದ್ರು.

ಕಾಶೀರಾಮ: ಬೀದರ ಕ್ವಾಟಿದು!

ಹಬೀಬ: ನಮ್ಮ ಬೀದರ ಕ್ವಾಟಿದು! ಹೆಸರನ್ಯಾಗೇ ಊರ ಅದ! ಅವ ಏನಂದ?

ಸುಭದ್ರಾಬಾಯಿ: ದೌಲತಾಬಾದ ಅಂದ.

ಕಾಶೀರಾಮ: ದೌಲತಾಬಾದ! ಅಯ್ಯ ಇವನ! ಇಂಥಾ ದಡ್ಡನ ಮ್ಯಾಲ ಭರೋಸಾ ಇಟ್ಟು ನಾ ರೈಲ ಬಿಟ್ಟೆನಾ? ನನಗ ಕೂಡ್ಸಿದ್ರ ನಿದ್ದಿಗಣ್ಣಾಗ ಹೇಳ್ತಿದ್ದೆ!

ಹಬೀಬ: ಮೊದಲಿನ ಆರು?

ಕಾಶೀರಾಮ: ಆರು ಬ್ಯಾಡ. ನಾ ಸೀದಾ ಏಳಕ್ಕ ಕೂಡ್ತಿದ್ದೆ.

ಹಬೀಬ: ಟ್ಯಾಂಕರ ಬರದಿದ್ರ ನೀವು ಇಲ್ಲಿಂದ ಬೀದರ ಬೀದರ ಅಂತ ಒದರ್ತಿದ್ರಿ. ಅವಗ ಕೇಳಿಸ್ತಿತ್ತು, ಗೆಲ್ತಿದ್ದ. ಆ ಡ್ರೈವರನೇ ಕೆಡಸಿದ.

ಕಾಶೀರಾಮ: ಆದ್ರ ನೀ ಯಾಕ ಹೇಳಲಿಲ್ಲ ಸುಭದ್ರಾ? ಇಷ್ಟು ವರ್ಷ?

ಸುಭದ್ರಾಬಾಯಿ ಸೆರಗಿನಿಂದ ಕೈ ಒರೆಸಿಕೊಂಡಳು. ಆಕೆಯ ದನಿಯಲ್ಲಿ ಜಗಳವಿರಲಿಲ್ಲ.

ಸುಭದ್ರಾಬಾಯಿ: ಹೇಳಬೇಕಂತೇ ಎದ್ದು ಹೊರಗ ಬಂದಿನಿ. ನೀವು ಚಿಮಣಿ ಬೆಳಕಿನಾಗ ಗಂಟ ಬಿಚ್ಚಲತ್ತಿದ್ರಿ. ಹಾಡ ಹೇಳಲತ್ತಿದ್ರಿ. ಕಟ್ಟುವಾಗ ಅತ್ತಿದ್ರಿ ನೀವು, ನಾ ನೋಡಿದ್ದೆ. ಬಿಚ್ಚುವಾಗ ಹಾಡೋ ಮನಷ್ಯಾಗ ಅವ ಸೋತಾನಂತ ಹ್ಯಾಂಗ ಹೇಳಲಿ? ಪಾಟಲಿ ಕೊಟ್ಟದ್ದು ಕಂಪೌಂಡರನ ನೋಡಿ ಅಲ್ರಿ. ನಿಮ್ಮನ್ನ ನೋಡಿ.

ಕಾಶೀರಾಮ ಕೈಯಲ್ಲಿದ್ದ ಟ್ಯೂಬನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಹೆಂಡತಿಯ ಮೇಲೆ ಉಕ್ಕಿಬಂದ ಪ್ರೀತಿಯನ್ನು ಎಲ್ಲಿಡಬೇಕೆಂದು ತಿಳಿಯದ ಗಂಡಸರು ಸಿಕ್ಕವರ ಮೇಲೆ ಸಿಟ್ಟಾಗುತ್ತಾರೆ. ಅವನೂ ಹಾಗೇ ಮಾಡಿದ.

ಕಾಶೀರಾಮ: ಗೌಸಾ, ಏಳು! ಒಯ್ಯಿ ಈ ಸುಳ್ಳ ಡಬ್ಬಿ! ಪುಕ್ಕಟೆ ಒಯ್ಯಿ!

ಸುಭದ್ರಾಬಾಯಿ: ಬ್ಯಾಡ, ಒಳಗ ಇಡ್ರಿ! ಅದೇನ ಸುಳ್ಳ ಹೇಳೇದ? ಇದ್ದದ್ದೇ ತೋರ್ಸೇದ. ಸುಳ್ಳ ಹೇಳಿದಾಂವ ಮಾಳಿಗಿ ಮ್ಯಾಲ ಇದ್ದ. ಡ್ರಮ್ಮ ಹೊರಗ ನಿಂತ್ರ ಏನ ಸಾಯಲ್ಲ.

ಗೌಸೋದ್ದೀನ: ಅಕ್ಕಾ, ಕೊಡೋರೂ ನೀವೇ, ಬಿಡಿಸ್ಕೊಳ್ಳೋರೂ ನೀವೇ. ನನ್ನ ಸೊಂಟಕ್ಕ ಯಾರ ಹೊಣಿ?

ಸುಭದ್ರಾಬಾಯಿ: ಚಹಾ ಕುಡದ ಹೋಗ್ರಿ.

ಗೌಸೋದ್ದೀನ ಟಿ.ವಿ.ಯನ್ನು ಮತ್ತೆ ಎದೆಗವಚಿಕೊಂಡು ಒಳಗೆ ನಡೆದ. ಹಬೀಬ ಮಾತ್ರ ಹೊಸ್ತಿಲಲ್ಲೇ ನಿಂತಿದ್ದ. ಸುಳ್ಳುಗಾರನೆನ್ನಿಸಿಕೊಂಡದ್ದರಿಂದ ಅವನಿಗೆ ನಿಜವಾಗಿ ನೋವಾಗಿತ್ತು. ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ತಗ್ಗಿದ ದನಿಯಲ್ಲಿ ಕೇಳಿದ.

ಹಬೀಬ: ಭಾಬಿ, ಒಂದ ಮಾತ. ಖುಷಿಯಾಗ ಕುಣದಿನಿ ಖರೇ, ಆದ್ರ ಕರೆಂಟ ಹೋಗೋತನಾ ಕೈ ಬಿಟ್ಟಿಲ್ಲ. ಅವಗ ಇನಾಮಿನ ಚೆಕ್ಕ ಕೊಡೋದು ನೀವು ನೋಡ್ಬೇಕಂತ ಹಿಡದೇ ನಿಂತಿದ್ದೆ. ಕಡಿಗಿ... ಚಿತ್ರ ಸಾಫ್ ಇತ್ತಾ?

ಸುಭದ್ರಾಬಾಯಿ: ಸಾಫ್ ಅಂದ್ರ? ದೌಲತಾಬಾದ ತಪ್ಪು ಅಂದಾಗ ಅವನ ಕಣ್ಣಾಗ ಒಂದ ಹನಿ ನೀರ ಬಂತು ಹಬೀಬಭಾಯಿ. ಅದು ಚಷ್ಮಾದ ಹಿಂದ ತಳಗ ಇಳಿದದ್ದು ಸೈತ ಕಾಣ್ತು.

ಹಬೀಬನ ಎದೆ ಒಂದು ಅಳತೆ ದೊಡ್ಡದಾಯಿತು.

ಹಬೀಬ: ಕೇಳಿದ್ಯಾ ಕಾಶಿ? ಸೋತಾಂವ ಅವ. ನಾ ಅಲ್ಲ!