ಐದು ತಿಂಗಳಿಗೆ ನಾಲ್ಕು ಸಲ ಎಣ್ಣೆ

ನನ್ನ ಗಂಡ ನಲವತ್ತಾರನೆಯ ವಯಸ್ಸಿನಲ್ಲಿ ದಾರಿ ತಪ್ಪಿದ್ದಾರೆ ಎಂಬ ಅನುಮಾನ ನನಗೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ ಹತ್ತೂವರೆಗೆ. (ಇಂಥ ವಿಷಯಗಳಲ್ಲಿ ಹೊತ್ತು ಗೊತ್ತು ನೆನಪಿಡುವುದು ನನ್ನ ಅಭ್ಯಾಸ.) ನಾನು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಕೆಲಸದಲ್ಲಿದ್ದೇನೆ. ಮನುಷ್ಯ ಬಾಯಲ್ಲಿ "ಸಕ್ಕರೆ ಮುಟ್ಟೋದೇ ಇಲ್ಲ" ಅನ್ನುತ್ತಾನೆ; ಅವನ ರಕ್ತ ಬೇರೆಯದೇ ಕತೆ ಹೇಳುತ್ತದೆ. ಹಾಗಾಗಿ ನಾನು ಮಾತನ್ನು ನಂಬುವವಳಲ್ಲ. ನನಗೆ ಸ್ಯಾಂಪಲ್ ಬೇಕು.

ಆ ಭಾನುವಾರ ಇವರು ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ, ಚಪ್ಪಲಿ ಮೆಟ್ಟುತ್ತಾ, ಯಾರ ಮುಖವನ್ನೂ ನೋಡದೆ, "ಸ್ವಲ್ಪ ಎಣ್ಣೆ ಹಾಕಿಸ್ಕೊಂಡು ಬರ್ತೀನಿ" ಎಂದು ಹೇಳಿ ಹೊರಟರು.

ಅತ್ತೆ ಸೋಫಾದಲ್ಲಿ ಕೂತು ಭೂತಗನ್ನಡಿ ಹಿಡಿದು ಪೇಪರ್ ಓದುತ್ತಿದ್ದರು. ಗೇಟಿನ ಸದ್ದು ಕೇಳಿದ ಮೇಲೆ ಭೂತಗನ್ನಡಿಯನ್ನು ಕೆಳಗಿಟ್ಟರು.

"ಏನಂದ ಅವನು?"

"ಕಾರಿಗೆ ಎಣ್ಣೆ ಅಂತೆ ಅತ್ತೆ."

"ಹೋದ ತಿಂಗಳೂ ಎಣ್ಣೆ ಅಂದಿದ್ದ. ಅದಕ್ಕೆ ಮುಂಚೇನೂ ಎಣ್ಣೆ ಅಂದಿದ್ದ." ಅತ್ತೆ ದನಿ ತಗ್ಗಿಸಿದರು. "ನೋಡೇ, ನಿನ್ನ ಮಾವನವರಿಗೆ ಕಾರಿರಲಿ, ಒಂದು ಸೈಕಲ್ಲೂ ಇರ್ಲಿಲ್ಲ. ಆದ್ರೂ ವಾರಕ್ಕೊಂದ್ಸಲ ಎಣ್ಣೆ ಹಾಕ್ಕೊಂಡೇ ಬರೋರು."

ನನ್ನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು.

ಇವರ ಬಗ್ಗೆ ಎರಡು ಮಾತು ಹೇಳಬೇಕು. ಇವರು ಕಾಲೇಜೊಂದರ ಗ್ರಂಥಪಾಲಕರು. ಸ್ವಭಾವ ತಣ್ಣಗೆ. ನಡೆದರೆ ಸದ್ದಿಲ್ಲ, ಸೀನಿದರೂ ಸದ್ದಿಲ್ಲ. ಲೈಬ್ರರಿ ಮನೆಯಿಂದ ಹತ್ತು ನಿಮಿಷದ ದಾರಿ, ನಡೆದೇ ಹೋಗುತ್ತಾರೆ. ನನ್ನ ಲ್ಯಾಬ್ ಊರಿನ ಇನ್ನೊಂದು ತುದಿಯಲ್ಲಿದೆ. ಬೆಳಿಗ್ಗೆ ಆರೂವರೆಗೇ ಖಾಲಿ ಹೊಟ್ಟೆಯ ಜನ ಬಂದು ತೋಳು ಮಡಚಿ ಕೂತಿರುತ್ತಾರೆ. ಹಾಗಾಗಿ ವಾರವಿಡೀ ನಮ್ಮ ಹನ್ನೊಂದು ವರ್ಷದ ಹಳೇ ಕಾರಿನ ಸಾರಥ್ಯ ನನ್ನದು. ಭಾನುವಾರ ಮಾತ್ರ ಅದು ಇವರ ವಶ.

ಮಧ್ಯಾಹ್ನ ಒಂದೂವರೆಗೆ ವಾಪಸ್ ಬಂದರು. ನಾನು ಬಾಗಿಲಲ್ಲೇ ಅಡ್ಡ ನಿಂತೆ.

"ಬಾಯಿ ತೆಗೀರಿ."

"ಯಾಕೆ?"

"ಹಲ್ಲು ಹುಳುಕಾಗಿದೆ ಅಂತಿದ್ರಲ್ಲ, ನೋಡ್ತೀನಿ."

"ಹಲ್ಲು ಹುಳುಕಾಗಿರೋದು ಅಮ್ಮಂಗೆ ಕಣೇ."

ಮಾತಾಡುವಾಗ ಬಾಯಿ ತೆಗೆಯಲೇಬೇಕಲ್ಲ. ಅಷ್ಟರಲ್ಲಿ ನನ್ನ ಪರೀಕ್ಷೆ ಮುಗಿದಿತ್ತು. ಟೀ, ಬಿಸ್ಕತ್ತು, ಅಂಗಿಯ ಮೇಲೆ ಗ್ರೀಸು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನೆಗೆಟಿವ್. ಆದರೆ ಒಂದು ರಿಪೋರ್ಟ್ ನೆಗೆಟಿವ್ ಬಂತೆಂದು ರೋಗವಿಲ್ಲ ಎನ್ನುವವಳು ನಾನಲ್ಲ.

"ಏನು ಹಾಕಿಸಿದ್ರಿ ಇವತ್ತು?"

"ಬ್ರೇಕ್ ಆಯಿಲ್."

"ಐದು ತಿಂಗಳ ಹಿಂದೆ ಹಾಕಿಸಿದ್ದೂ ಬ್ರೇಕ್ ಆಯಿಲ್ಲೇ ಅಲ್ವಾ?"

"ಹೌದಾ?" ಎಂದರು ಇವರು, ಅದೇನೋ ನಾನು ಹಾಕಿಸಿದ್ದೆ ಎಂಬ ಹಾಗೆ. "ಹಾಗಾದ್ರೆ ಮುಗ್ದಿರ್ಬೇಕು."

ಬೆರಳು ಮಡಚಿ ಎಣಿಸಿದೆ. ಮೊದಲು ಬ್ರೇಕ್ ಆಯಿಲ್. ಆಮೇಲೆ ಕೂಲೆಂಟ್. ಆಮೇಲೆ ಗೇರ್ ಆಯಿಲ್. ಈಗ ಮತ್ತೆ ಬ್ರೇಕ್ ಆಯಿಲ್. ಐದು ತಿಂಗಳಲ್ಲಿ ನಾಲ್ಕು ಸಲ! ಮನುಷ್ಯರಿಗೇ ಇಷ್ಟು ಸಲ ರಕ್ತ ಬದಲಾಯಿಸುವುದಿಲ್ಲ.

ಅವರು ಊಟಕ್ಕೆ ಕೂತಾಗ ನಾನು ಕಾರಿನ ಡ್ಯಾಶ್‌ಬೋರ್ಡಿನ ಗೂಡಿಗೆ ಕೈ ಹಾಕಿ, ಕಂಪನಿಯವರು ಕೊಟ್ಟಿದ್ದ ಪುಸ್ತಕವನ್ನು ಹೊರಗೆಳೆದೆ. ಹನ್ನೊಂದು ವರ್ಷದಲ್ಲಿ ಅದನ್ನು ಯಾರೂ ತೆರೆದಿರಲಿಲ್ಲ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಓದಿದೆ. ಇಂಜಿನ್ ಆಯಿಲ್ ಹತ್ತು ಸಾವಿರ ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ. ಕೂಲೆಂಟ್ ಮೂರು ವರ್ಷಕ್ಕೆ. ಗೇರ್ ಆಯಿಲ್ ನಲವತ್ತು ಸಾವಿರ ಕಿಲೋಮೀಟರ್ ಆಗುವ ತನಕ ಅದರ ತಂಟೆಗೇ ಹೋಗಬೇಡಿ ಎಂದಿತ್ತು.

ಪುಸ್ತಕವನ್ನು ಅವರ ತಟ್ಟೆಯ ಪಕ್ಕದಲ್ಲಿ ಬಿಡಿಸಿಟ್ಟೆ. "ಎರಡು ವರ್ಷಕ್ಕೊಂದ್ಸಲ ಅಂತ ಇದೆಯಲ್ರೀ ಇದ್ರಲ್ಲಿ!"

ಇವರು ಪುಸ್ತಕವನ್ನು ಸಾರು ತಾಗದಷ್ಟು ದೂರ ಸರಿಸಿದರು. ಆಮೇಲೆ, ಕೇಳಿ, ಇಪ್ಪತ್ತೆರಡು ವರ್ಷ ಪುಸ್ತಕ ಕಾಯ್ದ ಮನುಷ್ಯ, ಹಾಳೆಯ ಕಿವಿ ಮಡಚಿದ ವಿದ್ಯಾರ್ಥಿಗೆ ಅರ್ಧ ಗಂಟೆ ಬುದ್ಧಿ ಹೇಳುವ ಮನುಷ್ಯ, ಹೇಳಿದ್ದು ಇಷ್ಟು: "ಪುಸ್ತಕದಲ್ಲಿರೋದನ್ನೆಲ್ಲ ನಂಬಬಾರ್ದು ಕಣೇ."

ಅಲ್ಲಿಗೆ ನನ್ನ ಅನುಮಾನ ಗಟ್ಟಿಯಾಯಿತು.

ಅಡುಗೆಮನೆಗೆ ಬಂದ ಅತ್ತೆ, "ಕಳ್ಳನಿಗೊಂದು ಪಿಳ್ಳೆ ನೆವ" ಎಂದು ಸಿಂಕಿಗೆ ಹೇಳಿದರು.

ಮರುದಿನದಿಂದ ತನಿಖೆ ಶುರುವಾಯಿತು. ಬೆಳಿಗ್ಗೆ ಐದೂಮುಕ್ಕಾಲಿಗೆ, ಇವರು ಇನ್ನೂ ಮುಸುಕೆಳೆದು ಮಲಗಿರುವಾಗ, ನಾನು ಕಾರಿನ ಬಾನೆಟ್ ಎತ್ತುತ್ತಿದ್ದೆ. ಲ್ಯಾಬಿನಿಂದ ತಂದ ಸಣ್ಣ ಸ್ಟಿಕ್ಕರುಗಳನ್ನು ಒಂದೊಂದು ಡಬ್ಬಿಗೂ ಅಂಟಿಸಿ, ಎಣ್ಣೆ ಎಲ್ಲಿಯವರೆಗಿದೆ ಎಂದು ಗೆರೆ ಎಳೆದು ತಾರೀಖು ಬರೆದೆ. ಇವರ ಮೆಚ್ಚಿನ ಬ್ರೇಕ್ ಆಯಿಲ್ ಮೇಲಂತೂ ವಿಶೇಷ ನಿಗಾ. ದಿನಾ ಅದರ ಮುಚ್ಚಳ ತಿರುಗಿಸಿ ತೆಗೆದು, ಡ್ರಾಪರಿನಲ್ಲಿ ಎರಡು ಹನಿ ಎತ್ತಿ ಬಿಳಿ ಕಾಗದದ ಮೇಲೆ ಬಿಟ್ಟು, ಬಣ್ಣ ನೋಡಿ, ಮೂಸಿ, ಬರೆದಿಟ್ಟುಕೊಳ್ಳುತ್ತಿದ್ದೆ. ಪೇಪರ್ ಹಾಕುವವನು ಒಮ್ಮೆ ನೋಡಿ, "ಏನಾಯ್ತಕ್ಕಾ, ಕಾರಿಗೆ ಹುಷಾರಿಲ್ವಾ?" ಎಂದು ಕೇಳಿದ. "ಕಾರಿಗಲ್ಲಪ್ಪಾ" ಎಂದೆ.

ಇಪ್ಪತ್ತು ದಿನ ಹೀಗೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಯಾವ ಗೆರೆಯೂ ಲೆಕ್ಕಕ್ಕೆ ಬರುವಷ್ಟು ಇಳಿಯಲಿಲ್ಲ. ಅಂದರೆ ಎಣ್ಣೆ ಮುಗಿಯುತ್ತದೆ ಎಂಬುದು ಶುದ್ಧ ಸುಳ್ಳು. ಇಪ್ಪತ್ತೊಂದನೆಯ ದಿನ ಭಾನುವಾರ. ಇವರು ಚಪ್ಪಲಿ ಮೆಟ್ಟುತ್ತಾ, "ಗ್ಯಾರೇಜಿಗೆ ಹೋಗ್ಬರ್ತೀನಿ. ಈ ಸಲ ಅದೇ... ಏನದು... ನೋಡ್ಬೇಕು" ಎಂದರು. ಯಾವ ಎಣ್ಣೆ ಎಂಬುದೂ ತೋಚಿರಲಿಲ್ಲ ಪಾಪ!

ಗೇಟು ದಾಟಿದ ಕೂಡಲೇ ಪುಸ್ತಕವನ್ನು ಬ್ಯಾಗಿಗೆ ತುರುಕಿಕೊಂಡೆ. ಅತ್ತೆ ನನ್ನ ಕೈಗೆ ಕೊಡೆ ಕೊಟ್ಟರು.

"ಬಿಸಿಲೂ ಇಲ್ಲ, ಮಳೇನೂ ಇಲ್ಲ. ಯಾಕತ್ತೆ ಇದು?"

"ಇರ್ಲಿ. ಬೇಕಾಗತ್ತೆ."

ಆಟೋ ಹಿಡಿದು ಗ್ಯಾರೇಜಿಗೆ ಹೋದೆ. ನಾನು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಮೂರು ಕಾರು, ನೆಲವೆಲ್ಲ ಕಪ್ಪು ಜಿಡ್ಡು, ಗೋಡೆಗೆ ಒರಗಿಸಿಟ್ಟ ಹಳೇ ಟೈರುಗಳ ರಾಶಿ. ರಾಶಿಯ ಹಿಂದೆ ನಿಂತು ಇಣುಕಿದೆ. ನಮ್ಮ ಕಾರಿನ ಹಿಂದಿನ ಚಕ್ರ ಬಿಚ್ಚಿಟ್ಟಿದ್ದರು. ಇವರು ಬೋರಲು ಹಾಕಿದ ಪೇಂಟ್ ಡಬ್ಬಿಯ ಮೇಲೆ ಟೀ ಹಿಡಿದು ಕೂತಿದ್ದರು. ಕನ್ನಡಕವನ್ನು ದಾರದಲ್ಲಿ ಕೊರಳಿಗೆ ನೇತುಹಾಕಿಕೊಂಡ, ನರೆಗೂದಲಿನ ಮೆಕ್ಯಾನಿಕ್ ಚಕ್ರದ ಮುಂದೆ ಕುಕ್ಕರುಗಾಲಲ್ಲಿದ್ದ. ನಿಜ ಹೇಳಬೇಕೆಂದರೆ, ಬಾಟಲಿ ಗೀಟಲಿ ಏನೂ ಕಾಣದೆ ನನಗೆ ತುಸು ನಿರಾಸೆಯೇ ಆಯಿತು. ಅಷ್ಟರಲ್ಲಿ ಮಾತು ಕಿವಿಗೆ ಬಿತ್ತು.

"ಈ ಸಲ ಮನೇಲಿ ಏನಂತ ಹೇಳ್ತೀರಿ ಸಾರ್? ಬ್ರೇಕ್ ಆಯಿಲ್ ಎರಡು ಸಲ ಆಯ್ತು. ಕೂಲೆಂಟ್ ಆಯ್ತು. ಗೇರ್ ಆಯಿಲ್ಲೂ ಆಯ್ತು."

"ಇನ್ನೇನು ಉಳಿದಿದೆ?" ಎಂದರು ಇವರು ದೀನರಾಗಿ.

"ಗಾಜು ಒರೆಸೋ ನೀರು ಒಂದು ಉಳಿದಿದೆ."

"ಅದಕ್ಕೆ ಮೂರು ಗಂಟೆ ಬೇಕು ಅಂದ್ರೆ ನಂಬ್ತಾಳಾ?"

ನಾನು ಟೈರು ರಾಶಿಯ ಹಿಂದಿನಿಂದ ಪ್ರತ್ಯಕ್ಷಳಾದೆ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಕೊಡೆ. "ನಂಬೋದಿಲ್ಲ!"

ಇವರ ಕೈಯ ಟೀ ಪ್ಯಾಂಟಿನ ಮೇಲೆ ಚೆಲ್ಲಿತು.

ಮುಂದಿನ ಐದು ನಿಮಿಷ ನಾನು ಮಾಡಿದ್ದು ಭಾಷಣ. ಯಾವ ಎಣ್ಣೆಯನ್ನು ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು ಎಂಬುದನ್ನು ಪುಟದ ಸಂಖ್ಯೆ ಸಮೇತ ಓದಿ ಹೇಳಿದೆ. "ಈ ಐದು ತಿಂಗಳಲ್ಲಿ ಈ ಕಾರು ನಾಲ್ಕು ಸಾವಿರ ಕಿಲೋಮೀಟರೂ ಓಡಿಲ್ಲ. ಇಬ್ಬರೂ ಸೇರ್ಕೊಂಡು ಯಾರ ಕಿವಿ ಮೇಲೆ ಹೂವಿಡ್ತಿದ್ದೀರಿ?" ಪಕ್ಕದ ಕಾರಿನವರು ರೇಡಿಯೋ ಆರಿಸಿ ಹತ್ತಿರ ಬಂದರು. ಕೇಳುವವರು ಹೆಚ್ಚಾದಂತೆ ನನ್ನ ದನಿಯೂ ಏರಿತು.

ಮೆಕ್ಯಾನಿಕ್ ಪೂರ್ತಿ ಕೇಳಿಸಿಕೊಂಡ. ಕೈ ಒರೆಸಿಕೊಂಡ. "ಪುಸ್ತಕ ಸರಿಯಾಗೇ ಹೇಳ್ತದೆ ಮೇಡಂ. ನಾನು ಆಯಿಲ್ ಬದಲಾಯಿಸೇ ಇಲ್ಲ."

"ಮತ್ತೆ?"

ಅವನು ಒಳಗೆ ಹೋಗಿ ಒಂದು ತಗಡಿನ ತಟ್ಟೆ ತಂದ. ಅದರಲ್ಲಿ ಸವೆದು ಕರಿಕಲಾದ ಲೋಹದ ತುಂಡುಗಳು. "ಇವು ಹಿಂದಿನ ಚಕ್ರದ ಬ್ರೇಕ್ ಶೂ. ಮೂರು ವರ್ಷ ಬರ್ಬೇಕಾದವು, ಮೂರು ತಿಂಗಳಿಗೆ ಹೀಗಾಗಿವೆ. ಇದು ಕ್ಲಚ್ ಪ್ಲೇಟು. ನೋಡಿ, ಹಪ್ಪಳ. ನಿಮ್ಮ ಯಜಮಾನ್ರು ಹ್ಯಾಂಡ್‌ಬ್ರೇಕ್ ಎಳೆದಿಟ್ಕೊಂಡೇ ಗಾಡಿ ಓಡಿಸ್ತಾರೆ ಮೇಡಂ. ಕಾಲನ್ನ ಕ್ಲಚ್ ಮೇಲಿಂದ ತೆಗೆಯೋದೇ ಇಲ್ಲ. ಇದೆಲ್ಲ ಮನೇಲಿ ಗೊತ್ತಾದ್ರೆ ಮರ್ಯಾದೆ ಹೋಗ್ತದೆ, ಎಣ್ಣೆ ಅಂತ ಹೇಳ್ತೀನಿ ಅಂದ್ರು. ನೀವಾದ್ರೂ ಬುದ್ಧಿ ಹೇಳಿ. ಇವ್ರಿಗೆ ಲೈಸೆನ್ಸ್ ಕೊಟ್ಟೋರು ಯಾರು?"

ನಿಂತಿದ್ದವರೆಲ್ಲ ನಕ್ಕರು. ನಾನೂ ನಗಲು ಬಾಯಿ ತೆಗೆದೆ.

"ಹ್ಯಾಂಡ್‌ಬ್ರೇಕ್ ಎಳೆದಿದ್ರೆ ಕೆಂಪು ದೀಪ ಉರೀತದೆ" ಎಂದು ಮೆಕ್ಯಾನಿಕ್ ಮುಂದುವರಿಸಿದ. "ಅದೂ ಕಾಣ್ಸಲ್ವಾ ಇವ್ರಿಗೆ?"

ಕೆಂಪು ದೀಪ. ಸ್ಟೀರಿಂಗಿನ ಹಿಂದೆ, ಎಡಕ್ಕೆ, ದುಂಡಗೆ. ನನಗೆ ಅದರ ಪರಿಚಯ ಚೆನ್ನಾಗಿಯೇ ಇತ್ತು. ನಮ್ಮ ಲ್ಯಾಬಿನಲ್ಲಿ ರಕ್ತದ ಟ್ಯೂಬುಗಳನ್ನು ತಿರುಗಿಸುವ ಯಂತ್ರಕ್ಕೂ ಅಂಥದೇ ದೀಪವಿದೆ. ಅದು ಉರಿಯುತ್ತಿದ್ದರೆ ಯಂತ್ರ ಚೆನ್ನಾಗಿ ನಡೆಯುತ್ತಿದೆ ಎಂದರ್ಥ. ಕಾರಿನಲ್ಲೂ ದಿನಾ ಬೆಳಿಗ್ಗೆ ಅದು ಉರಿಯುವುದನ್ನು ನೋಡಿ, ಎಲ್ಲ ಸರಿಯಾಗಿದೆ ಎಂದು ಸಮಾಧಾನಪಟ್ಟುಕೊಂಡು ನಾನು ಹೊರಡುತ್ತಿದ್ದೆ.

ಇವರ ಕಡೆ ನೋಡಿದೆ. ಇವರು ಖಾಲಿ ಲೋಟದೊಳಗೆ ನೋಡುತ್ತಾ, "ಹೌದು, ನನ್ನ ಎಡಗಾಲು ಸ್ವಲ್ಪ ಭಾರ" ಎಂದರು.

ಆಗ ನೆನಪಾಯಿತು. ಹೋದ ವರ್ಷ ಒಂದು ದಿನ ಪಕ್ಕದಲ್ಲಿ ಕೂತು, "ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿದ್ಯಾ?" ಎಂದು ಕೇಳಿದ್ದರು. ಅಷ್ಟೇ. ನಾನು ಒಂಬತ್ತು ದಿನ ಮಾತು ಬಿಟ್ಟಿದ್ದೆ. ಆಮೇಲೆ ಅವರು ನನ್ನ ಓಡಿಸುವಿಕೆಯ ಸುದ್ದಿಗೇ ಬಂದಿರಲಿಲ್ಲ. ತಿಂಗಳಿಗೊಂದು ಭಾನುವಾರ ಇಲ್ಲಿಗೆ ಬಂದು, ಊರವರೆದುರು ನನಗೆ ಸಲ್ಲಬೇಕಾದ ಬೈಗುಳ ತಿಂದು, ಮನೆಗೆ ಬಂದು ನನ್ನೆದುರು ಬಾಯಿ ತೆರೆದು ನಿಲ್ಲುತ್ತಿದ್ದರು.

ಸುಮ್ಮನಿದ್ದುಬಿಡಬಹುದಿತ್ತು. (ಒಂದು ನಿಮಿಷ ಇದ್ದೆ ಕೂಡ.) ಆದರೆ ಪಕ್ಕದ ಕಾರಿನವನೊಬ್ಬ, "ಸಾರ್, ನೀವು ಬಸ್ಸಲ್ಲೇ ಓಡಾಡೋದು ಒಳ್ಳೇದು" ಎಂದು ಇವರ ಬೆನ್ನು ತಟ್ಟಿದಾಗ ನನಗೆ ತಡೆಯಲಾಗಲಿಲ್ಲ. ಕೊಡೆಯನ್ನು ನೆಲಕ್ಕೂರಿ, ಎದೆಯುಬ್ಬಿಸಿ ಘೋಷಿಸಿದೆ: "ಕಾರು ಓಡಿಸೋದು ಇವರಲ್ಲ! ನಾನು!"

ಎಲ್ಲರೂ ಬೆರಗಾಗುತ್ತಾರೆ, ನನ್ನ ಸತ್ಯಸಂಧತೆಗೆ ತಲೆದೂಗುತ್ತಾರೆ ಎಂದುಕೊಂಡಿದ್ದೆ. ಮೆಕ್ಯಾನಿಕ್ ತಲೆ ಕೂಡ ಎತ್ತಲಿಲ್ಲ.

"ಗೊತ್ತು ಮೇಡಂ. ಸಾರ್ ಆರಡಿ ಇದ್ದಾರೆ. ಡ್ರೈವರ್ ಸೀಟು ಹಿಂದೆ ಮುಂದೆ ಸರಿಯೋ ಕಂಬಿಯಲ್ಲಿ ಮುಂದಿನ ಎರಡು ಹಲ್ಲು ಮಾತ್ರ ಸವೆದಿವೆ. ಅಷ್ಟು ಮುಂದಕ್ಕೆ ಕೂತ್ರೆ ಇವರ ಮಂಡಿ ಮೂಗಿಗೆ ತಾಗ್ತದೆ. ನೀವಾಗೇ ಹೇಳ್ಲಿ ಅಂತ ಕಾಯ್ತಿದ್ದೆ."

ಇವರು ಬೆಚ್ಚಿ ಅವನನ್ನು ನೋಡಿದರು. ಐದು ತಿಂಗಳ ತ್ಯಾಗ!

ಆ ಹೊತ್ತಿಗೆ ಸರಿಯಾಗಿ ಅತ್ತೆಯ ಫೋನು. "ಕಳ್ಳತನ ಸಿಕ್ಕಿಬಿತ್ತೇನೇ?"

"ಸಿಕ್ಕಿಬಿತ್ತು ಅತ್ತೆ" ಎಂದೆ. ಯಾರದು ಎಂದು ಹೇಳಲಿಲ್ಲ. ಫೋನಿಟ್ಟೆ.

ಇಷ್ಟಕ್ಕೇ ಮುಗಿದಿದ್ದರೆ ಅರ್ಧ ಮಾನವಾದರೂ ಉಳಿಯುತ್ತಿತ್ತು. ಮೆಕ್ಯಾನಿಕ್ ಚಕ್ರ ಜೋಡಿಸಿ, ಬಾನೆಟ್ ಎತ್ತಿ, ಕನ್ನಡಕ ಏರಿಸಿಕೊಂಡ. "ಈ ಸ್ಟಿಕ್ಕರ್ ಯಾರು ಅಂಟಿಸಿದ್ದು? ತಾರೀಖೆಲ್ಲ ಇದೆ."

"ನಾನೇ" ಎಂದೆ. ಕೊನೆಗೂ ನನ್ನ ವಿದ್ಯೆಗೆ ಬೆಲೆ ಬಂತೆಂದು ಸ್ವಲ್ಪ ಚೇತರಿಸಿಕೊಂಡು, "ದಿನಾ ಮುಚ್ಚಳ ತೆಗೆದು ನೋಡ್ತಿದ್ದೆ. ಇಪ್ಪತ್ತು ದಿನ."

ಅವನು ಕನ್ನಡಕ ಇಳಿಸಿದ. "ಈ ಡಬ್ಬಿಯಲ್ಲಿ ಆಯಿಲ್ ಎಷ್ಟಿದೆ ಅಂತ ಹೊರಗಿಂದಾನೇ ಕಾಣ್ತದೆ ಮೇಡಂ. ಮುಚ್ಚಳ ತೆಗೆದಷ್ಟು ಸಲ ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಎಳ್ಕೊಳ್ತದೆ. ನೀರು ಸೇರಿದ್ರೆ ಬ್ರೇಕ್ ಸರಿಯಾಗಿ ಹಿಡಿಯಲ್ಲ." ಮುಚ್ಚಳವನ್ನು ಬೆರಳಿಂದ ಅಲುಗಿಸಿದ. ಅದು ಸಡಿಲವಾಗಿಯೇ ಇತ್ತು. "ಇನ್ನೂ ಒಂದೂವರೆ ವರ್ಷ ಬರೋ ಎಣ್ಣೆ. ಇವತ್ತೇ ಬದಲಾಯಿಸ್ಬೇಕು."

ಇವರು ಮುಖ ಆಚೆ ತಿರುಗಿಸಿದರು. ಭುಜಗಳು ಅಲುಗುತ್ತಿದ್ದವು. ಸದ್ದು ಮಾತ್ರ ಇರಲಿಲ್ಲ.

ಒಂದು ಗಂಟೆ ನಾವಿಬ್ಬರೂ ಒಂದೇ ಪೇಂಟ್ ಡಬ್ಬಿಯ ಮೇಲೆ, ಬೆನ್ನಿಗೆ ಬೆನ್ನು ಹಚ್ಚಿ ಕೂತು, ಎಣ್ಣೆ ಬದಲಾಗುವುದನ್ನು ಕಾದೆವು.

"ಒಂದು ಮಾತು ಹೇಳ್ಬಾರ್ದಿತ್ತಾ ನನಗೆ?" ಎಂದೆ.

"ಒಂಬತ್ತು ದಿನಕ್ಕಿಂತ ಕ್ಲಚ್ ಪ್ಲೇಟೇ ವಾಸಿ ಅನ್ನಿಸ್ತು" ಎಂದರು.

ಕೆಲಸ ಮುಗಿಯಿತು. ಇವರು ಕೀಲಿಯನ್ನು ನನ್ನ ಕೈಗೇ ಕೊಟ್ಟರು. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಸೀಟನ್ನು ಮುಂದಕ್ಕೆಳೆದು ಕೂತು, ಎಲ್ಲರೂ ನೋಡುತ್ತಿರುವಂತೆ ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿದೆ. ಕೆಂಪು ದೀಪ ಆರಿತು. (ದೀಪವಿಲ್ಲದ ಕಾರು ಕೆಟ್ಟಿದೆಯೇನೋ ಅನ್ನಿಸಿ ಒಂದು ಕ್ಷಣ ಹೆದರಿಕೆಯಾಯಿತು.) ಮೆಲ್ಲಗೆ ಹೊರಬಂದೆ. ಎರಡನೆಯ ತಿರುವಿನಲ್ಲಿ ನೋಡಿದರೆ, ಇವರು ಕಿಟಕಿಯಾಚೆ ಅಂಗಡಿಗಳ ಬೋರ್ಡು ಓದುತ್ತಾ ಕೂತಿದ್ದರು. ಒಂದು ಕೈ ಮಾತ್ರ ಹ್ಯಾಂಡ್‌ಬ್ರೇಕಿನ ಮೇಲೆ, ಕೆಳಕ್ಕೆ ಒತ್ತಿ ಹಿಡಿದಿತ್ತು.

"ಯಾಕ್ರೀ, ನನ್ನ ಮೇಲೆ ನಂಬಿಕೆ ಇಲ್ವಾ?"

"ಛೆ, ಛೆ! ಪೂರ್ತಿ ಇದೆ ಕಣೇ" ಎಂದರು.

ಕೈ ತೆಗೆಯಲಿಲ್ಲ.