ಈರಣ್ಣನವರನ್ನು ನಾನು ಸಾಯಿಸಿದ ಸೋಮವಾರ

ಮದಲೂರು ಕೆರೆಯ ಆಚೆಗಿರುವ ಹಳ್ಳಿಯೊಂದರಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಚರಿತ್ರೆಯಲ್ಲಿ ಆಯಾ ದಿನ ಏನು ನಡೆಯಿತು, ಯಾರು ಹುಟ್ಟಿದರು, ಯಾರು ತೀರಿಕೊಂಡರು ಎಂಬುದನ್ನು 'ದಿನದ ಮಹತ್ವ' ಎಂದು ಬರೆದು ಪ್ರತಿದಿನ ಬೆಳಿಗ್ಗೆ ಊರಿನ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಯಾರೂ ಓದುವುದಿಲ್ಲ ಎಂಬ ಧೈರ್ಯವಿತ್ತು!

ಒಂದು ಸೋಮವಾರ ನನ್ನಲ್ಲಿ ಸ್ಥಳೀಯ ಇತಿಹಾಸದ ಪ್ರೇಮ ಉಕ್ಕಿತು. ನಮ್ಮ ಶಾಲೆಗೆ ಜಾಗ ಕೊಟ್ಟ ಕುರಿ ಸಾಕಣೆಯ ಹಿರಿಯ ಈರಣ್ಣನವರು ಹುಟ್ಟಿದ್ದು ಅದೇ ದಿನ. ಗುಡ್ಡದಲ್ಲಿ ಚಿರತೆಯನ್ನು ಬರೀ ದೊಣ್ಣೆಯಿಂದ ಓಡಿಸಿದ ಗಂಡಾಳು. ಅವರನ್ನೂ ಮಹಾಪುರುಷರ ಸಾಲಿಗೆ ಸೇರಿಸಿ, ಕಳುಹಿಸಿ, ಸ್ನಾನಕ್ಕೆ ಹೋದೆ.

ಬರುವಷ್ಟರಲ್ಲಿ ಗುಂಪಿನ ತುಂಬ ಮುಗಿದ ಕೈಗಳು! ಹೆಮ್ಮೆಯಿಂದ ಹೆಂಡತಿ ಶಾಂತಾಳಿಗೆ ತೋರಿಸಿದೆ. ಅವಳು ಓದಿ ಬಿಳಿಚಿಕೊಂಡಳು.

"ರೀ, ಈರಣ್ಣಜ್ಜನ್ನ 'ಮರಣ'ದ ಕೆಳಗೆ ಹಾಕಿದ್ದೀರಲ್ರೀ!"

ಫೋನು ಕಿತ್ತುಕೊಂಡು ಅಳಿಸಿದೆ. ನನ್ನ ಫೋನಿನಲ್ಲಿ ಮಾತ್ರ ಅಳಿಸಿಹೋಯಿತು. ಉಳಿದವರ ಫೋನುಗಳಲ್ಲಿ ಈರಣ್ಣನವರು ಸತ್ತೇ ಇದ್ದರು!

ಕೂಡಲೇ ತಿದ್ದುಪಡಿ ಕಳುಹಿಸಿದೆ: 'ಶ್ರೀ ಈರಣ್ಣನವರು ಇನ್ನೂ ಬದುಕಿದ್ದಾರೆ. ಇದಕ್ಕಾಗಿ ತೀವ್ರವಾಗಿ ವಿಷಾದಿಸುತ್ತೇನೆ.'

"ಇದಕ್ಕಾಗಿ ಅಂದ್ರೆ ಯಾವುದಕ್ಕಾಗಿ?" ಎಂದಳು ಶಾಂತಾ.

ಆ ದಿನ ಶಾಲೆಗೆ ರಜೆ ಹಾಕಿದೆ. ಹನ್ನೊಂದು ಗಂಟೆಗೆ ಫೋನು ಬಡಿದುಕೊಂಡಿತು. ಈರಣ್ಣನವರ ಪಕ್ಕದ ಮನೆಯವನು.

"ಮೇಷ್ಟ್ರೇ, ತಾವರೆಕೆರೆಯಿಂದ ಹಾರ ತರ್ಸಿವ್ನಿ. ಅಜ್ಜ ನೋಡಿದ್ರೆ ಜಗಲಿ ಮ್ಯಾಲೆ ಮುದ್ದೆ ಉಣ್ತಾ ಕುಂತಿತ್ತು. ಈಗ ದೊಣ್ಣೆ ತಗಂಡು ನಿಮ್ಮನೆ ಕಡೀಕೇ ಬತ್ತಾ ಐತೆ!"

ಚಿರತೆಗಾದರೂ ಓಡಲು ಗುಡ್ಡವಿತ್ತು. ನನಗಿದ್ದದ್ದು ಬಚ್ಚಲುಮನೆ. ಒಳಗೆ ಹೋಗಿ ಚಿಲಕ ಹಾಕಿ, ಹಂಡೆಯ ಹಿಂದೆ ಕುಕ್ಕರಿಸಿದೆ. ಅಂಗಳದಲ್ಲಿ ದೊಣ್ಣೆಯೂರುವ ಸದ್ದು.

"ಮೇಷ್ಟ್ರು ಎಲ್ಲವ್ರಮ್ಮ?"

"ಬಚ್ಚಲಲ್ಲಿ" ಎಂದಳು ನನ್ನ ಸಾಧ್ವಿ!

ದೊಣ್ಣೆ ಬಾಗಿಲಿಗೆ ಬಡಿಯಿತು. "ಈಚೀಕ್ ಬನ್ನಿ!"

ದೇವರನ್ನೆಲ್ಲ ನೆನೆದು ಚಿಲಕ ತೆಗೆದೆ. ಈರಣ್ಣನವರ ತೋಳು ಹಿಡಿದು ಇನ್ನೊಬ್ಬ ಮುದುಕರು ನಿಂತಿದ್ದರು. ಪಾವಗಡದಲ್ಲಿರುವ ತಮ್ಮ. ಕುರಿ ಪಾಲಿನ ಜಗಳದಲ್ಲಿ ಮಾತುಬಿಟ್ಟು ಹನ್ನೆರಡು ವರ್ಷವಾಗಿತ್ತಂತೆ.

"'ಮೀ ಅನ್ನ ಪೋಯಾಡು', ನಿಮ್ಮಣ್ಣ ಹೋಗ್ಬುಟ್ಟ ಅಂತ ತೆಲುಗ್ನಾಗೆ ಅಂದ್ಬುಟ್ರು ಸಾಮಿ. ಚಪ್ಪಲೀನೂ ಮೆಟ್ದಂಗೆ ಬಸ್ ಹತ್ಬುಟ್ಟೆ" ಎಂದು ಆತ ಕಣ್ಣೊರೆಸಿಕೊಂಡರು.

ಈರಣ್ಣನವರು ತಮ್ಮನ ಬೆನ್ನು ಸವರಿದರು. "ನಾನು ಬದುಕಿದ್ದಾಗ ಬರ್ಲಿಲ್ಲ ಕಣ್ ಮೇಷ್ಟ್ರೇ. ನೀವು ಸಾಯಿಸಿದ್ಮ್ಯಾಕೆ ಬಂದ." ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿದರು. "ಬೀಗರೊಬ್ರು ಬಂದಿಲ್ಲ. ನಾಳೀಕೂ ಒಂದ್ಸಲ ಹಾಕ್ಬುಡಿ!"

ಅಷ್ಟು ಕೇಳಿದ್ದೇ ಬಚ್ಚಲ ಹೊಸ್ತಿಲಲ್ಲೇ ಕುಸಿದೆ. ಇಬ್ಬರು ಮುದುಕರೂ ಸೇರಿ ನನ್ನನ್ನು ಎತ್ತಿ ಕೂರಿಸಿದರು.

ಮುಖ್ಯೋಪಾಧ್ಯಾಯರು 'ದಿನದ ಮಹತ್ವ' ನಿಲ್ಲಿಸಿ, ಹುಟ್ಟುಸಾವಿನ ಅಧಿಕಾರವನ್ನು ನನ್ನಿಂದ ಕಿತ್ತುಕೊಂಡಿದ್ದಾರೆ. ಈಗ ತರಗತಿಯಲ್ಲಿ ಹಾಜರಿ ಕೂಗುವುದಷ್ಟೇ ಉಳಿದಿದೆ. ಅಲ್ಲೂ ಒಂದು ಹೆಸರಿಗೆ ಉತ್ತರ ಬರದಿದ್ದರೆ, 'ಇಲ್ಲ' ಎಂದು ಬರೆಯುವ ಮೊದಲು ಆ ಮಗುವಿನ ಮನೆಗೆ ಹೋಗಿ ನೋಡಿ ಬರುತ್ತೇನೆ!